ಕಾಣಲಿಲ್ಲ ಎಂಬ ಉತ್ತರ

ದಿನವೂ ನಡೆಯದಿದ್ದರೆ ನಿನ್ನ ಹೃದಯಕ್ಕೆ ಉಳಿಗಾಲವಿಲ್ಲ ಎಂದು ವೈದ್ಯರು ಹೇಳಿದ್ದರು. ತನ್ನ ಸೋಮಾರಿತನವನ್ನು ಚೆನ್ನಾಗಿ ಬಲ್ಲ ಎಂಜಿನಿಯರು ತನಗೂ ಗೆಳೆಯರಿಗೂ ಸೇರಿಸಿ ಒಂದು ಆ್ಯಪ್ ಕಟ್ಟಿದ. ಒಬ್ಬ ‘ನಡೆದೆ’ ಎಂದು ಒತ್ತಿದರೆ ಅವನ ಜೊತೆಗಾರ ‘ಕಂಡೆ’ ಎಂದು ಒತ್ತಬೇಕು. ಆಗಲೇ ಅದು ಲೆಕ್ಕಕ್ಕೆ. ಬೇರೆ ಉತ್ತರಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಅವನ ಜೊತೆಗಾರ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೊಜ್ಜು ಬೆಳೆಸಿಕೊಂಡಿದ್ದ ಆ ಗೆಳೆಯ ತೀರಿಕೊಂಡು ತಿಂಗಳಾಗಿತ್ತು. ಅವನ ಹೆಸರು ಅಳಿಸಲು ಎಂಜಿನಿಯರಿಗೆ ಕೈ ಬಂದಿರಲಿಲ್ಲ. ನಡೆಯಲು ಕಾಲೂ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಉಳಿದ ಗೆಳೆಯರ ಮುಂದೆ ನಾಚಿಕೆಯಾಗಿ, ಹಾಸಿಗೆಯಲ್ಲಿ ಮಲಗಿದ್ದಂತೆಯೇ ‘ನಡೆದೆ’ ಎಂದು ಒತ್ತಿದ.

ದರ್ಜಿಯ ಹೆಸರಿನ ಕೆಳಗೆ ಉತ್ತರ ಮೂಡಿತು: ‘ಕಾಣಲಿಲ್ಲ.’

ಅಂಥ ಮಾತನ್ನು ಅವನು ಆ್ಯಪಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ದರ್ಜಿಯ ಹೆಂಡತಿಗೆ ಫೋನ್ ಮಾಡಿದ.

“ಅತ್ತಿಗೆ, ಅವನ ಫೋನು ಯಾರ ಹತ್ರ ಇದೆ?”

“ಬೀರುವಿನಲ್ಲಿದೆಯಪ್ಪ, ಚಾರ್ಜು ಮುಗಿದು ಎಷ್ಟು ದಿನ ಆಯ್ತೋ. ಯಾಕೆ, ಅಲ್ಲಿಗೆ ಹೋದ್ರೂ ಅವರನ್ನ ಬಿಡಲ್ವಾ ನೀನು?” ಎಂದು ನಕ್ಕವಳು ಹಾಗೆಯೇ ಬಿಕ್ಕಿದಳು.

ಹೆಸರನ್ನು ಅಳಿಸಿಬಿಡಲು ಬೆರಳು ಚಾಚಿದ. ಅಳಿಸಿದರೆ ತನ್ನ ಸುಳ್ಳನ್ನು ಹಿಡಿಯುವವರು ಇನ್ನು ಯಾರೂ ಉಳಿಯುವುದಿಲ್ಲ ಎನ್ನಿಸಿತು. ದೇವರನ್ನು ನೆನೆದು ಎದ್ದು, ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಕಾಲುವೆಯ ಪಕ್ಕದ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಹಿಂದಿನಿಂದ ಯಾರೋ ಏದುಸಿರು ಬಿಡುವುದು ಕೇಳಿಸುತ್ತಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಿಂದಿದ್ದವನಿಗೆ ಜೊತೆಗೂಡಲು ಅನುಕೂಲವಾಗಲೆಂದು ಹೆಜ್ಜೆಯನ್ನಷ್ಟೇ ನಿಧಾನ ಮಾಡಿದ.