ಗಡಿ ದಾಟಿಸಿದ ಸ್ಕ್ಯಾನ್ ಫಿಲಂ

ಬಿಳಿಚೋಡಿನ ಉಚ್ಚಂಗೆಮ್ಮ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ನೋಡಲು ಬ್ರೆಡ್ಡು, ಬಿಸ್ಕತ್ತು ಹಿಡಿದು ಬಂದ ನೆಂಟರು ಪಡಸಾಲೆಯಲ್ಲಿ ಆಗಲೇ ಅಳುತ್ತಿದ್ದರು. ಅತ್ತವರಿಗೆಲ್ಲ ರೊಟ್ಟಿ ಮಾಡಿಹಾಕುವವಳೂ ಇವಳೇ. ಮೈಯೆಲ್ಲ ಉರಿದುಹೋಯಿತು.

"ಕೂಸು ಹುಟ್ಟೋ ಮೊದ್ಲೇ ಕುಲಾವಿ ಹೊಲಿದ್ರಂತೆ. ನೀವು ನಾನಿರಾಗ್ಲೇ ತಿಥಿ ಮಾಡಾಕೆ ಕೂತೀರಿ," ಎಂದಳು.

ಆಗಿದ್ದು ಇಷ್ಟು. ಕೆಲವು ವರ್ಷದ ಹಿಂದೆ ಅವಳಿಗೆ ಸ್ತನದ ಕ್ಯಾನ್ಸರ್ ಬಂದು, ಚಿಕಿತ್ಸೆಯಿಂದ ವಾಸಿಯಾಗಿತ್ತು. ಮೊನ್ನೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲೊಂದು ಮಚ್ಚೆ ಕಂಡಿತು. ದಾವಣಗೆರೆಯ ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಸ್ಕ್ಯಾನ್ ಮಾಡಿದವರು ಬರೆದುಕೊಟ್ಟರು. ಗಂಡ ತಿಪ್ಪೇಶಪ್ಪ ತೋರಿಸುವುದು ಬಿಟ್ಟು ಬಂಧುಬಳಗಕ್ಕೆಲ್ಲ ಫೋನ್ ಮಾಡಿದ. ಸುದ್ದಿ ಕೇಳಿ ಊರಿನ ನರ್ಸ್ ಚೈತ್ರಶ್ರೀಯೂ ಬಂದಳು.

"ಲಿವರಿಗೆ ಹಬ್ಬೈತೆ. ಇನ್ನೇನು ತೋರ್ಸಾದು? ಸುಮ್ನೆ ಅವ್ಳಿಗೆ ಯಾಕೆ ನೋವು," ಎಂದ ತಿಪ್ಪೇಶಪ್ಪ.

"ಹಬ್ಬೈತೆ ಅಂತ ಯಾವ ಡಾಕ್ಟ್ರು ಹೇಳಿದ್ರು?" ಎಂದು ಕೇಳಿದಳು ನರ್ಸ್.

"ಮಚ್ಚೆ ಐತಲ್ಲ ತಾಯಿ."

"ಇರೋ ಮಚ್ಚೆ ಎಲ್ಲಾನೂ ಕ್ಯಾನ್ಸರೇ ಆಗಿರಲ್ಲ ರೀ," ಎಂದಳು ಚೈತ್ರಶ್ರೀ. "ನೀರುಗುಳ್ಳೆ ಇರ್ತಾವೆ, ರಕ್ತನಾಳದ ಗಂಟು ಇರ್ತಾವೆ. ಕ್ಯಾನ್ಸರೂ ಇರಬೋದು. ಅದ್ನ ಪರೀಕ್ಷೆ ಮಾಡಿ ಹೇಳ್ಬೇಕು, ಹೊಸಿಲ ಮೇಲೆ ಕೂತು ಹೇಳಾಕೆ ಬರಲ್ಲ. ಹಳೇ ಸ್ಕ್ಯಾನ್ ಫಿಲಂ ಕೊಡ್ರಿ. ಆವಾಗ್ಲೂ ಇದೇ ಮಚ್ಚೆ ಇಷ್ಟೇ ಇತ್ತಾ ನೋಡ್ತಾರೆ. ಬೆಳೆದಿಲ್ಲ ಅಂದ್ರೆ ಮುಕ್ಕಾಲು ಭಯ ಹೋಗ್ತೈತೆ."

ಅತ್ತೆ ಮೂಕಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ರೋಗದ ಸಾಮಾನು ಮನೆಯಲ್ಲಿರಬಾರದೆಂದು, ಸೊಸೆ ವಾಸಿಯಾದ ಕೂಡಲೇ ಫಿಲಂಗಳನ್ನು ಹಳೇ ಸೀರೆಯಲ್ಲಿ ಕಟ್ಟಿ, ಬೇವಿನ ಸೊಪ್ಪಿನ ಸಮೇತ ಊರ ಗಡಿ ದಾಟಿಸಿ ಬಂದಿದ್ದಳು.

ಉಚ್ಚಂಗೆಮ್ಮನ ಕಣ್ಣಲ್ಲಿ ಆಗ ಮೊದಲ ಸಲ ನೀರು ಬಂತು. "ನಂಗೆ ಬದುಕ್ಬೇಕು. ಯಾರೂ ಬರದಿದ್ರೆ ನಾನೊಬ್ಳೇ ಬಸ್ ಹತ್ತುತೀನಿ."

ಮರುದಿನ ತಿಪ್ಪೇಶಪ್ಪ ಜೊತೆಗೆ ಹೋದ. ಹೋಲಿಸಿ ನೋಡಲು ಹಳೆಯ ಫಿಲಂ ಇಲ್ಲದ್ದರಿಂದ ಡಾಕ್ಟರು ಎಂಆರ್‌ಐ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಕೊನೆಗೆ ಗೊತ್ತಾಯಿತು, ಅದು ರಕ್ತನಾಳದ ಗಂಟು, ಕ್ಯಾನ್ಸರಲ್ಲ.

"ಹಳೇ ಫಿಲಂ ತಂದಿದ್ರೆ ಇಷ್ಟು ಒದ್ದಾಟ ತಪ್ತಿತ್ತೇನೋ," ಎಂದರು ಡಾಕ್ಟರು.

ಹೊಸ ಫಿಲಂ ಈಗ ದೇವರ ಜಗಲಿಯ ಮೇಲಿದೆ. ಮೂಕಮ್ಮ ಅದಕ್ಕೆ ಕುಂಕುಮ ಹಚ್ಚಲು ಹೋದಾಗ ಉಚ್ಚಂಗೆಮ್ಮ ಕೈ ಹಿಡಿದಳು.

"ಬ್ಯಾಡ ಅತ್ತೆ. ಮುಂದಿನ ಸಲ ನಿಮ್ಮ ಮಗ ಅದನ್ನೂ ಮಚ್ಚೆ ಅಂತಾನೆ."

ಓದುವವರೇ, ನಿಮ್ಮ ಮನೆಯವರ ಸ್ಕ್ಯಾನಿನಲ್ಲೂ ಮಚ್ಚೆ ಕಂಡರೆ ನೆಂಟರಿಗಿಂತ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಹಳೆಯ ಫಿಲಂ, ರಿಪೋರ್ಟು ಜೋಪಾನವಾಗಿಡಿ, ಹೋಗುವಾಗ ಜೊತೆಗೆ ಒಯ್ಯಿರಿ. ಅಳುವುದಕ್ಕೆ ಆಮೇಲೂ ಸಮಯವಿದೆ, ಪರೀಕ್ಷೆಗೆ ಮಾತ್ರ ತಡ ಮಾಡಬೇಡಿ.