ಉಷ್ಕಿರನ ಮೂಗಿನ ಗಂಟು

ಕುಲ್ಪಾಶಜ್ಜಿಯ ಬೇಟೆನಾಯಿ ಉಷ್ಕಿರ್, ಕೆರೆಯ ಜೊಂಡಿನಲ್ಲಿ ರೆಕ್ಕೆ ಮುರಿದು ಬಿದ್ದಿದ್ದ ಕಾಡುಬಾತನ್ನು ತಿಂದು ಬಂದು ಮೂರನೆಯ ದಿನಕ್ಕೆ ಸೀನತೊಡಗಿತು. ಅಂತಿಂಥ ಸೀನಲ್ಲ, ಒಂದೊಂದಕ್ಕೂ ನಾಲ್ಕು ಕಾಲೂ ನೆಲ ಬಿಡುತ್ತಿದ್ದವು. ಪಶುವೈದ್ಯ ಬೆಗಾಲಿ ಬಂದು, ಎರಡು ಸಲ ಕಚ್ಚಿಸಿಕೊಂಡು, ಅದರ ಸಿಂಬಳ ತೆಗೆದು ಪರೀಕ್ಷೆಗೆಂದು ಅಲ್ಮಾಟಿಯ ಪ್ರಯೋಗಾಲಯಕ್ಕೆ ಕಳಿಸಿದ. ಅಜ್ಜಿಯೂ ನಾಯಿಯೂ ಬೇಲಿ ದಾಟಬಾರದೆಂದು ಕಟ್ಟಪ್ಪಣೆ ಮಾಡಿದ.

"ಹಕ್ಕಿಜ್ವರ ಇದ್ದಹಾಗಿದೆ ಅಜ್ಜಿ. ಆ ವೈರಾಣುವಿನ ಮೈತುಂಬ ಪ್ರೋಟೀನಿನ ಮುಳ್ಳು. ಮುಳ್ಳಿಗೊಂದು ಗಂಟು ಅಂದ್ಕೊಳ್ಳಿ. ಗಂಟು ಬಿಚ್ಚಿದ್ರೇನೇ ಅದು ಒಳಗೆ ನುಗ್ಗೋದು. ಸಾದಾ ಗಂಟಾದ್ರೆ ಮೂಗು, ಗಂಟಲಲ್ಲಷ್ಟೇ ಬಿಚ್ಚತ್ತೆ, ನೆಗಡಿಯಾಗಿ ಹೋಗತ್ತೆ. ಗಂಟು ಬದಲಾಗಿ ಸಡಿಲವಾಗಿದ್ರೆ ಕರುಳು, ಮಿದುಳು, ಎಲ್ಲಿ ಬೇಕಾದ್ರೂ ಬಿಚ್ಚತ್ತೆ. ಹಂಗಾದ್ರೆ ಸರ್ಕಾರದವರು ನಾಯಿನ ಉಳಿಸ್ಕೊಳ್ಳೋಕೆ ಬಿಡಲ್ಲ."

ಅಂದಿನಿಂದ ಐದು ಹೊತ್ತಿನ ನಮಾಜಿನಲ್ಲೂ ಅಜ್ಜಿಯದು ಒಂದೇ ಬೇಡಿಕೆ: "ದೇವರೇ, ಗಂಟು ಬಿಗಿಯಾಗಿರಲಿ."

ಆರನೆಯ ಬೆಳಿಗ್ಗೆ ಬೆಗಾಲಿ ಸೋಂಕು ತಾಗದಂತೆ ಮೈತುಂಬ ಬಿಳಿ ಮುಸುಕು, ಮುಖಕ್ಕೆ ಗಾಜು ತೊಟ್ಟು ದಿಬ್ಬದಿಂದ ಉರುಳಿದಂತೆ ಓಡಿಬಂದ. "ಸುಯಿನ್‌ಶಿ! ಅಜ್ಜೀ, ಸುಯಿನ್‌ಶಿ!"

ಒಳ್ಳೆಯ ಸುದ್ದಿ ತಂದವನು ಬಾಯಿ ಬಿಡುವ ಮೊದಲೇ ಉಡುಗೊರೆ ಬೇಡುವ ಕೂಗು ಅದು.

"ಕೇಳಿದ್ದು ಕೊಟ್ಟೆ, ಹೇಳೋ ಮಾರಾಯ!"

"ಸಾದಾ ಗಂಟು!"

ಅಜ್ಜಿ ನಾಯಿಯ ಮುಂಗಾಲು ಹಿಡಿದು ಅಂಗಳದಲ್ಲಿ ಗಿರಗಿರನೆ ಕುಣಿದಳು. ಪಕ್ಕದ ಮನೆಯ ಬಿಬಿಶ್ ಶುಭಸುದ್ದಿಯ ವಾಡಿಕೆಯಂತೆ ಬೇಲಿಯಾಚೆಯಿಂದ ಹಿಡಿಹಿಡಿ ಮಿಠಾಯಿ ತೂರಿದಳು. ಒಂದು ಅಜ್ಜಿಯ ನೆತ್ತಿಗೇ ಬಡಿಯಿತು. ಉಷ್ಕಿರ್ ನಾಲ್ಕನ್ನು ಕಾಗದದ ಸಮೇತ ನುಂಗಿ, ಐದನೆಯದಕ್ಕೆ ಸೀನಿತು.

"ಅಜ್ಜೀ, ನನ್ನ ಸುಯಿನ್‌ಶಿ?"

"ತಗೋ, ನನ್ನ ತುಪ್ಪಳದ ಕೋಟು."

"ಬೇಡ."

"ಬೆಳ್ಳಿ ಬಳೆ?"

ಬೆಗಾಲಿ ಬೇಡವೆಂದು ತಲೆಯಾಡಿಸಿ ಉಷ್ಕಿರನನ್ನೇ ನೋಡಿದ. ಅಜ್ಜಿ ನಾಯಿಯನ್ನು ತನ್ನತ್ತ ಎಳೆದುಕೊಂಡಳು. ಹೋದ ವರ್ಷ ಬಿಬಿಶಳಿಗೆ ಮೊಮ್ಮಗ ಹುಟ್ಟಿದ ಸುದ್ದಿ ತಂದವನು ಸುಯಿನ್‌ಶಿಯೆಂದು ಅವಳ ಕುದುರೆಯನ್ನೇ ಹೊಡೆದುಕೊಂಡು ಹೋಗಿದ್ದ. ಕೊಟ್ಟ ಮಾತು ಕೊಟ್ಟಿದ್ದೇ. ದೇವರು ಉಳಿಸಿಕೊಟ್ಟ ಜೀವವನ್ನು ತಾನೇ ನಾಲಗೆ ಜಾರಿಸಿ ಕಳೆದುಕೊಂಡಳೇ?

"ಕೇಳಪ್ಪ," ಎಂದಳು.

"ಇನ್ನೊಂದು ಸಲ ಸಿಂಬಳ ತೆಗೀಬೇಕು. ನಾಯಿ ಮೂಗಲ್ಲಿ ಕೂತೂ ಕೂತೂ ಆ ಮುಳ್ಳು ಬದಲಾಗಿದ್ಯೋ ಏನೋ ನೋಡ್ಬೇಕಲ್ಲ. ಈ ಸಲ ಅದರ ಬಾಯಿ ನೀವು ಹಿಡ್ಕೋಬೇಕು. ಅದೇ ನನ್ನ ಸುಯಿನ್‌ಶಿ."

"ಅಷ್ಟೇನಾ? ಅಯ್ಯೋ ನಿನ್ನ!" ಅಜ್ಜಿ ನಗುತ್ತ ಅವನು ಎಸೆದ ಮುಖಗವಸು, ಕೈಗವಸು ತೊಟ್ಟು ಉಷ್ಕಿರನನ್ನು ಬೇಲಿಯ ಬಳಿಗೆ ಎಳೆತಂದು ಮುಸುಡಿ ಹಿಡಿದಳು. ಬೆಗಾಲಿ ಹತ್ತಿಕಡ್ಡಿ ಹಿಡಿದು ಬಗ್ಗಿದ. ಅದು ಮೂಗಿಗೆ ತಾಗುವ ಮೊದಲೇ ಉಷ್ಕಿರ್ ನಾಲ್ಕೂ ಕಾಲೆತ್ತಿ ಸೀನಿತು. ಬೆಗಾಲಿಯ ಮುಖದ ಗಾಜು ಪೂರ್ತಿ ಮಸುಕಾಯಿತು.

"ನೋಡಪ್ಪ, ನಮ್ಮ ಉಷ್ಕಿರ್ ಸಾಲ ಇಟ್ಕೊಳಲ್ಲ," ಎಂದು ಅಜ್ಜಿ ಬಿದ್ದುಬಿದ್ದು ನಕ್ಕಳು. "ಬೇಕಾದಷ್ಟು ಬಳ್ಕೊಂಡು ಹೋಗು!"