ಪೋಲಿಯೋ ಗಾಡಿ

ದೊಡ್ಡವ್ವನಿಗೆ ಮೈಕಿನ ಆ ದನಿ ಯಾರದೆಂದು ಗೊತ್ತಾಗಿತ್ತೋ, ಇಲ್ಲವೋ? ಗೊತ್ತಾಗಿದ್ದರೆ ಬೈಯುತ್ತಿದ್ದಳು. ಗೊತ್ತಾಗಿಯೂ ಸುಮ್ಮನಿದ್ದರೆ? ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಬಾಗಿಲಲ್ಲಿ ಶಿವರಾಮು ನಿಂತೇ ಇದ್ದ. ಒಳಗೆ ಅವನ ದೊಡ್ಡವ್ವ, ಉಮ್ಮತ್ತೂರಿನ ವಿಧವೆ ಸಣ್ಣತಾಯಮ್ಮ, ಆ ವಯಸ್ಸಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಕೊಳೆತ ಈರುಳ್ಳಿ ಆರಿಸುತ್ತಿದ್ದಳು.

ಬಿ.ಎ. ಮುಗಿಸಿ ಚಾಮರಾಜನಗರದಲ್ಲಿ ಕೆಲಸವಿಲ್ಲದೆ ಇದ್ದ ಶಿವರಾಮುವಿಗೆ ಅನ್ನ ಕೊಟ್ಟದ್ದು ಅವನ ದನಿ. ಆಟೋಗೆ ಮೈಕು ಕಟ್ಟಿಕೊಂಡು ಊರೂರಿಗೆ ಹೋಗಿ ಪೋಲಿಯೋ ಹನಿ ಹಾಕುವ ದಿನ, ಕಂದಾಯ ಕಟ್ಟುವ ಗಡುವು ಸಾರುತ್ತಿದ್ದ. ರೇಡಿಯೋದವರ ಹಾಗೆ ಗ್ರಾಂಥಿಕ ಕನ್ನಡ. ಮೈಕಿನಲ್ಲಿ ಮನೆಯವರೂ ಗುರುತು ಹಿಡಿಯುತ್ತಿರಲಿಲ್ಲ. ಹೆಂಗಸರು ಅದನ್ನು ಪೋಲಿಯೋ ಗಾಡಿ ಎನ್ನುತ್ತಿದ್ದರು. ಅದು ಹೇಳಿತೆಂದರೆ ಸರ್ಕಾರವೇ ತಮಟೆ ಹೊಡೆಸಿದ ಹಾಗೆ.

ಚಾಮರಾಜನಗರ ಜಿಲ್ಲೆಯಾಗಿ ಎರಡನೇ ವರ್ಷ ಬಂದ ಚುನಾವಣೆಗೆ ಆ ಗಾಡಿಯನ್ನೂ ದನಿಯನ್ನೂ ಬಾಡಿಗೆಗೆ ಹಿಡಿದವನು ಸೋಮಶೇಖರ್, ಒಂದು ಪಕ್ಷದ ಮುಖಂಡ. ಪ್ರಚಾರದ ದಿನಗಳಲ್ಲೊಮ್ಮೆ ಹೋಟೆಲಿನಲ್ಲಿ ಜಗಳ ಹತ್ತಿತ್ತು.

"ಬಜೆಟ್ ಬಿಲ್ ಪಾಸಾಯ್ತು, ವಿಧವೆಯರ ಪಿಂಚಣಿ ಖೋತಾ!" ಎಂದ ಸೋಮಶೇಖರ್.

"ಯಾರ್ಲಾ ಏಳ್ದೋರು? ಕನಸ್ ಬಿದ್ದಿತ್ತಾ?" ಎದುರು ಪಕ್ಷದ ನಂಜುಂಡಪ್ಪ ಲೋಟ ಕುಕ್ಕಿದ.

"ಬಿ.ಎ. ಓದಿರೋನು ಇಲ್ಲೇ ಕುಂತವ್ನೆ, ಕೇಳ್ಕಳ್ಲಾ. ಏನ್ ಶಿವರಾಮು?"

ಶಿವರಾಮು ಆ ಮಸೂದೆಯ ಸುದ್ದಿಯನ್ನು ಪೇಪರಿನಲ್ಲಿ ಓದಿದ್ದ. ಪಿಂಚಣಿ ನಿಂತಿರಲಿಲ್ಲ. ಹಣ ಬೇರೆ ಇಲಾಖೆಯ ಮೂಲಕ ಬರುವುದಿತ್ತು, ಅದಕ್ಕೆ ಎಲ್ಲರೂ ಒಮ್ಮೆ ತಾಲ್ಲೂಕು ಕಚೇರಿಗೆ ಬಂದು ಮುಖ ತೋರಿಸಬೇಕಿತ್ತು, ತೋರಿಸದವರ ಹಣ ಮಾತ್ರ ನಿಲ್ಲುತ್ತಿತ್ತು. ಹೋಟೆಲಿಗೆ ಹೋಟೆಲೇ ಅವನ ಬಾಯಿ ನೋಡುತ್ತಿತ್ತು. ಅವನು ಟೀ ಕುಡಿದ.

ಮರುದಿನ ಉಮ್ಮತ್ತೂರಿನ ಬೀದಿಯಲ್ಲಿ, "ತಾಯಂದಿರೇ, ವಿಧವೆಯರ ಪಿಂಚಣಿಯನ್ನು ನಿಲ್ಲಿಸಲಾಗಿದೆ" ಎಂದು ಸಾರಿದ. ಯಾರಿಗೆ ಓಟು ಹಾಕಬೇಕೆಂಬುದು ಆಮೇಲಿನ ಮಾತು. ಹೆಂಗಸರು ಅದನ್ನು ಕೇಳುವಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಲಿಲ್ಲ.

"ಏನ್ಲಾ ಮಗ, ಕಂಬ ನೆಟ್ಟಂಗೆ ನಿಂತಿದ್ದೀಯೆ? ಬಾ ಒಳಿಕೆ." ಮಂಡಿಯ ಒಳಗಿಂದ ದೊಡ್ಡವ್ವನೇ ಕೂಗಿದಳು.

ಅವನು ಹೋಗಿ ಪಕ್ಕದಲ್ಲಿ ಕೂತ. "ಈ ಕೆಲ್ಸ ಯಾಕೆ ದೊಡ್ಡವ್ವ? ಪಿಂಚಣಿ?"

"ನಿಂತೋಯ್ತಲ್ಲ! ಪೋಲಿಯೋ ಗಾಡಿಲೇ ಸಾರುದ್ರು. ಎಷ್ಟ್ ಚೆಂದಾಗಿ ಏಳ್ದ ಆ ಮಾರಾಯ."

"ಕಚೇರಿಗೆ ಓಗಿ ಮುಖ ತೋರ್ಸಿದ್ರೆ..."

"ನಂಜುಂಡಪ್ಪನೂ ಮನೆಗಂಟ ಬಂದು ಅದ್ನೇ ಅಂದ. ನಿಂತಿಲ್ಲ ಕಣಮ್ಮ, ಕರ್ಕಂಡೋಯ್ತೀನಿ ನಡಿ ಅಂದ. ಪಾರ್ಟಿಯೋರ ಮಾತ ನಂಬಕಾದ್ದಾ? ಗಾಡಿಯೋನ್ಗೆ ಯಾವ ಪಾರ್ಟಿ ಏಳು?"

"ಈಗ್ಲೂ ಓಗನ ಬಾ, ದೊಡ್ಡವ್ವ. ನಾನ್ ಬತ್ತೀನಿ."

"ಬುಡು. ಸರ್ಕಾರನೇ ಸಾರುದ್ಮೇಲೆ ಓಗಿ ಬೈಸ್ಕಳನಾ?" ಅವನ ಮುಖ ನೋಡಿ ನಕ್ಕಳು. "ನಿನ್ ತಲೆಗೂ ಯಾರೋ ತುಂಬವ್ರೆ ಕಣ, ಪಾಪ."

ಅವಳನ್ನು ಎಬ್ಬಿಸಿ ಕಚೇರಿಗೆ ಕರೆದೊಯ್ಯಲು ಒಂದೇ ಮಾತು ಸಾಕಿತ್ತು. ಅದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಕೂಲಿಯ ಜೊತೆಗೆ ಮಂಡಿಯವರು ತನ್ನ ಪಾಲಿಗೆ ಬಿಟ್ಟ ಈರುಳ್ಳಿಯಲ್ಲಿ ಒಳ್ಳೆಯವನ್ನು ಹುಡುಕಿ ಅವನ ಟವೆಲಿಗೆ ಹಾಕಿದಳು. "ನಿಮ್ಮವ್ವಂಗೆ ಕೊಡು."

ಅವನು ಗಂಟು ಕಟ್ಟಿಕೊಂಡು ಬಸ್ಸಿಗೆ ನಡೆದ.

ಮುಂದೆ ಪೋಲಿಯೋ ಹನಿಗೆಂದು ಎಷ್ಟೋ ಸಲ ಅವಳ ಬೀದಿಯಲ್ಲೇ ಸಾರುತ್ತ ಹೋದ. ಆದರೆ ಅಂದು ಗಾಡಿಯಲ್ಲಿದ್ದವನು ತಾನೇ, ಹೇಳಿದ್ದು ಸುಳ್ಳು ಎಂದು ಶಿವರಾಮು ದೊಡ್ಡವ್ವನಿಗೆ ಎಂದೂ ಹೇಳಲಿಲ್ಲ.